ಬಿಡುವಿನ ಆಟ, ಬೆವರಿನ ಆಟ

ಚದುರಂಗದಲ್ಲಿ ಪಳಗಿದವನು ಮೊನ್ನೆ ಮೊನ್ನೆ ಕಾಯಿಗಳ ನಡೆ ಕಲಿತವನೊಡನೆ ಆಡಲು ಕುಳಿತರೆ ಇಬ್ಬರಿಗೂ ಸುಖವಿಲ್ಲ. ಒಬ್ಬನಿಗೆ ಬೇಸರ, ಇನ್ನೊಬ್ಬನಿಗೆ ಅವಮಾನ. ಗರಡಿಯ ಉಸ್ತಾದರು ಇದನ್ನು ಬಲ್ಲವರಾದುದರಿಂದಲೇ ಜೋಡಿ ನೋಡಿ ಕುಸ್ತಿ ಕಟ್ಟುತ್ತಾರೆ. ಹೀಗೆ ಸರಿಸಮಾನರನ್ನು ಸರಿಸಮಾನರೊಡನೆ ಕೂಡಿಸುವ ಏರ್ಪಾಡು ಬಹುತೇಕ ಎಲ್ಲ ಆಟಗಳಲ್ಲಿಯೂ ಉಂಟು. ಆದರೆ ಕಳೆದ ಮೂರು ದಶಕಗಳಲ್ಲಿ ಜಗತ್ತಿನಲ್ಲೆಲ್ಲ ಹಬ್ಬಿರುವ ಒಂದು ಬಗೆಯ ಆಟದಲ್ಲಿ ಈ ಏರ್ಪಾಡು ಅಷ್ಟು ಸುಲಭವಲ್ಲ. ಅಂತರ್ಜಾಲದ ಮೂಲಕ ಸಾವಿರಾರು ಮಂದಿ ಒಟ್ಟಿಗೆ ಆಡುವ ಪಾತ್ರಧಾರಿ ಆಟವೇ ಅದು.

ಈ ಆಟದಲ್ಲಿ ಆಟಗಾರನು ಮೊದಲು ಒಬ್ಬ ಯೋಧನನ್ನೋ ಮಾಂತ್ರಿಕನನ್ನೋ ವೈದ್ಯನನ್ನೋ ತನ್ನ ಪಾತ್ರವಾಗಿ ಆರಿಸಿಕೊಳ್ಳುತ್ತಾನೆ. ಆ ಪಾತ್ರವು ಒಂದು ಕಲ್ಪಿತ ದೇಶದಲ್ಲಿ ಅಲೆಯುತ್ತದೆ, ರಾಕ್ಷಸರೊಡನೆ ಕಾದುತ್ತದೆ, ಅನುಭವಾಂಕಗಳನ್ನು ಗಳಿಸಿ ಹಂತ ಹಂತವಾಗಿ ಬಲವನ್ನು ಹೆಚ್ಚಿಸಿಕೊಳ್ಳುತ್ತದೆ. ಆ ದೇಶವಿರುವುದು ಆಟಗಾರನ ಮನೆಯಲ್ಲಲ್ಲ. ಆಟವನ್ನು ನಡೆಸುವ ಕಂಪನಿಯ ಗಣಕಯಂತ್ರಗಳಲ್ಲಿ. ಆದುದರಿಂದ ಒಬ್ಬನು ಆಟ ನಿಲ್ಲಿಸಿ ಮಲಗಿದರೂ ಅಲ್ಲಿನ ಪೇಟೆ ಮುಚ್ಚುವುದಿಲ್ಲ, ಕಾಡು ನಿದ್ರಿಸುವುದಿಲ್ಲ. ಮಕ್ಕಳು ಮಲಗಿದ ಮೇಲೆ ಮುಕ್ಕಾಲು ಗಂಟೆಯ ಬಿಡುವು ದೊರೆತ ಗುಮಾಸ್ತನೂ, ರಜೆಯಲ್ಲಿ ದಿನಕ್ಕೆ ಆರು ಗಂಟೆ ಆಡುವ ವಿದ್ಯಾರ್ಥಿಯೂ ಅದೇ ಪೇಟೆಯ ಬೀದಿಯಲ್ಲಿ ಎದುರುಬದುರಾಗುತ್ತಾರೆ. ಇಬ್ಬರೂ ಸಮಾನ ಶುಲ್ಕವನ್ನು ತೆತ್ತವರು. ಗುಮಾಸ್ತನಿಗೆ ಆಟವು ಕಠಿಣವಾದರೆ ಅವನು ಬಿಟ್ಟುಹೋಗುತ್ತಾನೆ. ವಿದ್ಯಾರ್ಥಿಗೆ ಸುಲಭವಾದರೆ ಅವನೂ ಬಿಟ್ಟುಹೋಗುತ್ತಾನೆ. ಇಬ್ಬರನ್ನೂ ಒಂದೇ ಲೋಕದಲ್ಲಿ ಹಿಡಿದಿಡುವುದು ಹೇಗೆಂಬ ಪ್ರಶ್ನೆಗೆ ಆಟದ ನಿರ್ಮಾಪಕರು ಇಂದಿಗೂ ಪೂರ್ಣವಾದ ಉತ್ತರವನ್ನು ಕಂಡುಕೊಂಡಿಲ್ಲ. ಆದರೆ ಅವರು ನಡೆದ ದಾರಿ ಕುತೂಹಲಕರವಾಗಿದೆ.

ಆ ದಾರಿಯ ಮೊದಲ ಮೈಲಿಗಲ್ಲು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿದೆ. 1978ರಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ 'ಮಡ್' ಎಂಬ ಆಟವನ್ನು ರಚಿಸತೊಡಗಿದರು. ಅವರ ಗೆಳೆಯ ರಿಚರ್ಡ್ ಬಾರ್ಟ್‌ಲ್ ಅದನ್ನು ಮುಂದುವರಿಸಿದರು. ಅದರಲ್ಲಿ ಚಿತ್ರಗಳಿರಲಿಲ್ಲ. ತೆರೆಯ ಮೇಲೆ ಅಕ್ಷರಗಳು ಮಾತ್ರ ಮೂಡುತ್ತಿದ್ದುವು. ಕಾಳಗದಲ್ಲಿ ಸತ್ತ ಪಾತ್ರವು ಸಂಪೂರ್ಣವಾಗಿ ಅಳಿಸಿಹೋಗುತ್ತಿತ್ತು. ತಿಂಗಳುಗಟ್ಟಲೆ ಗಳಿಸಿದುದು ಕ್ಷಣದಲ್ಲಿ ನಾಶವಾಗುತ್ತಿತ್ತು. ಆಟದ ತುದಿಯನ್ನು ಮುಟ್ಟಿದವನಿಗೆ 'ಮಾಂತ್ರಿಕ' ಎಂಬ ಪದವಿಯೂ ಆ ಲೋಕವನ್ನು ಆಳುವ ಅಧಿಕಾರವೂ ದೊರೆಯುತ್ತಿದ್ದುವು.

ಬಾರ್ಟ್‌ಲ್ ಅವರು ಮುಂದೆ 1996ರಲ್ಲಿ ಒಂದು ಪ್ರಬಂಧವನ್ನು ಬರೆದರು. ಜನ ಇಂಥ ಆಟಕ್ಕೆ ಬರುವುದೇಕೆ ಎಂಬುದು ಅದರ ವಿಷಯ. ಅವರು ಆಟಗಾರರನ್ನು ಇಸ್ಪೀಟಿನ ಎಲೆಗಳಂತೆ ನಾಲ್ಕು ಬಗೆಯಾಗಿ ವಿಂಗಡಿಸಿದರು. ಸಾಧನೆಯ ಹಂಬಲವುಳ್ಳವರು ಡೈಮಂಡು. ಸಂಪತ್ತನ್ನೂ ಪದವಿಯನ್ನೂ ಕೂಡಿಹಾಕುವವರು ಅವರು. ಮೂಲೆಮೂಲೆಗಳನ್ನು ಅಗೆದು ಶೋಧಿಸುವವರು ಇಸ್ಪೀಟು, ಏಕೆಂದರೆ ಇಂಗ್ಲಿಷಿನಲ್ಲಿ ಆ ಎಲೆಯ ಹೆಸರಿಗೆ ಸಲಿಕೆ ಎಂಬ ಅರ್ಥವೂ ಇದೆ. ಮಾತುಕತೆಗಾಗಿ, ಸ್ನೇಹಕ್ಕಾಗಿ ಬರುವವರು ಆಟೀನು, ಅಂದರೆ ಹೃದಯದ ಚಿಹ್ನೆಯವರು. ಇತರರನ್ನು ಹೊಡೆದು ಕೆಡಹುವುದರಲ್ಲಿ ಸಂತೋಷಪಡುವವರು ಕಳಾವರು. ಆ ಎಲೆಯ ಇಂಗ್ಲಿಷ್ ಹೆಸರಿಗೆ ದೊಣ್ಣೆ ಎಂದು ಅರ್ಥ. ಮನುಷ್ಯರನ್ನು ನಾಲ್ಕೇ ಪೆಟ್ಟಿಗೆಗಳಲ್ಲಿ ತುಂಬಲಾಗದೆಂಬುದು ನಿಜ. ಆದರೂ ಈ ವಿಂಗಡಣೆಯಿಂದ ಒಂದು ಮಾತು ಸ್ಪಷ್ಟವಾಯಿತು: ಕಷ್ಟವಾದ ಗೆಲುವನ್ನು ಅರಸಿ ಬರುವವರು ಆ ಲೋಕದ ಪ್ರಜೆಗಳಲ್ಲಿ ಒಂದು ಭಾಗ ಮಾತ್ರ.

ಕಳಾವರು ಜನರಿಗೆ ಕಡಿವಾಣವಿಲ್ಲದಿದ್ದರೆ ಏನಾಗುತ್ತದೆಂಬುದನ್ನು 1997ರಲ್ಲಿ ಆರಂಭವಾದ 'ಅಲ್ಟಿಮಾ ಆನ್‌ಲೈನ್' ತೋರಿಸಿತು. ಊರಿನ ಹೊರಗೆ ಕಾಲಿಟ್ಟ ಹೊಸಬರನ್ನು ಹಳಬರು ಕೊಂದು ಸುಲಿಗೆ ಮಾಡಿದರು. ಕೊನೆಗೆ 2000ದಲ್ಲಿ ನಿರ್ಮಾಪಕರು ಆ ದೇಶವನ್ನೇ ಎರಡಾಗಿಸಿದರು. ಮೊದಲಿನದರ ಪಡಿಯಚ್ಚಿನಂತಿದ್ದ ಎರಡನೆಯ ದೇಶದಲ್ಲಿ ಒಪ್ಪಿಗೆಯಿಲ್ಲದೆ ಯಾರ ಮೇಲೂ ಕೈಮಾಡುವಂತಿರಲಿಲ್ಲ.

1999ರಲ್ಲಿ ಬಂದ 'ಎವರ್‌ಕ್ವೆಸ್ಟ್' ಬೇರೊಂದು ಬಗೆಯಲ್ಲಿ ನಿಷ್ಠುರವಾಗಿತ್ತು. ಅಲ್ಲಿ ಸತ್ತವನು ಮತ್ತೆ ಜೀವ ಪಡೆಯುತ್ತಿದ್ದನಾದರೂ ಅವನ ಕತ್ತಿ, ಕವಚಗಳೆಲ್ಲ ಸತ್ತ ಸ್ಥಳದಲ್ಲೇ ಹೆಣದ ಮೇಲೆ ಉಳಿಯುತ್ತಿದ್ದುವು. ಬರಿಗೈಯಲ್ಲಿ ಓಡಿಹೋಗಿ, ತನ್ನನ್ನು ಕೊಂದ ಮೃಗಗಳ ಕಣ್ಣು ತಪ್ಪಿಸಿ, ತನ್ನ ಹೆಣವನ್ನು ತಾನೇ ಹುಡುಕಿಕೊಳ್ಳಬೇಕು. ತಡವಾದರೆ ಹೆಣವೂ ಮಾಯ, ಒಡವೆಯೂ ಮಾಯ. ಗಳಿಸಿದ ಅನುಭವಾಂಕಗಳಲ್ಲಿ ಒಂದು ಪಾಲು ಕಡಿತವಾಗಿ ಕೆಲವೊಮ್ಮೆ ಒಂದು ಹಂತ ಕೆಳಕ್ಕೆ ಜಾರುವುದೂ ಉಂಟು. ಅಪರೂಪದ ಒಂದು ಪ್ರಾಣಿ ಕಾಣಿಸಿಕೊಳ್ಳಲೆಂದು ಗಂಟೆಗಟ್ಟಲೆ ಒಂದೇ ಎಡೆಯಲ್ಲಿ ಕುಳಿತು ಕಾಯುವುದಂತೂ ಸಾಮಾನ್ಯವಾಗಿತ್ತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕಷ್ಟವೆಂಬ ಒಂದೇ ಮಾತಿನೊಳಗೆ ಎರಡು ಸಂಗತಿಗಳಿವೆ. ಒಂದು ಕೌಶಲವನ್ನು ಕೇಳುವ ಕಷ್ಟ. ಕಣ್ಣು, ಕೈ, ಬುದ್ಧಿಗಳು ಚುರುಕಾಗಿದ್ದರೆ ಅದನ್ನು ಗೆಲ್ಲಬಹುದು. ಇನ್ನೊಂದು ಕಾಲವನ್ನು ಕೇಳುವ ಕಷ್ಟ. ಗಂಟೆಗಳನ್ನು ತೆರದ ಹೊರತು ಅದು ಜಗ್ಗುವುದಿಲ್ಲ. ಗಂಟೆಗಟ್ಟಲೆ ಕಾಯುವುದರಲ್ಲಿ ಜಾಣತನವೇನೂ ಇಲ್ಲ. ಬಡವನೂ ಶ್ರೀಮಂತನೂ ದಿನಕ್ಕೆ ಇಪ್ಪತ್ನಾಲ್ಕು ಗಂಟೆಗಳನ್ನೇ ಪಡೆದಿದ್ದರೂ ದುಡಿಯುವವನ ಕೈಯಲ್ಲಿ ಉಳಿಯುವ ಗಂಟೆಗಳು ಕಡಮೆ. ಆದುದರಿಂದ ಎರಡನೆಯ ಬಗೆಯ ಕಷ್ಟವು ಗುಮಾಸ್ತನನ್ನು ಅವನ ಯೋಗ್ಯತೆಯನ್ನು ನೋಡದೆಯೇ ಹೊರಗಟ್ಟುತ್ತದೆ.

ಹಾಗೆಂದು ಎವರ್‌ಕ್ವೆಸ್ಟಿನ ನಿಷ್ಠುರತೆ ವ್ಯರ್ಥವಾಗಿತ್ತೆಂದೂ ಹೇಳಲಾಗದು. ಒಂಟಿಯಾಗಿ ಬದುಕಲಾಗದ ಲೋಕದಲ್ಲಿ ಜನ ಒಬ್ಬರಿಗೊಬ್ಬರು ಬೇಕಾದರು. ಸತ್ತವನನ್ನು ಎಬ್ಬಿಸಿ, ಕಳೆದುಹೋದ ಅಂಕಗಳನ್ನು ಹಿಂದಿರುಗಿಸಬಲ್ಲ ಪುರೋಹಿತನಿಗೂ, ದೂರದ ಊರಿಗೆ ಕ್ಷಣದಲ್ಲಿ ಒಯ್ಯಬಲ್ಲ ಮಾಂತ್ರಿಕನಿಗೂ ಅಲ್ಲಿ ಮರ್ಯಾದೆಯಿತ್ತು. ಮಾತು ತಪ್ಪಿದವನ ಹೆಸರು ಊರೆಲ್ಲ ಹರಡುತ್ತಿತ್ತು. ಕಷ್ಟವು ನೆರೆಹೊರೆಯನ್ನು ಕಟ್ಟಿತು. ಈ ಸಂಗತಿಯನ್ನು ಮುಂದಿನವರು ಬಹಳ ತಡವಾಗಿ ಗುರುತಿಸಿದರು.

2004ರ ನವೆಂಬರ್ 23ರಂದು ಅಮೆರಿಕದ ಬ್ಲಿಜರ್ಡ್ ಎಂಟರ್‌ಟೈನ್‌ಮೆಂಟ್ ಕಂಪನಿಯು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟವನ್ನು ಹೊರತಂದಿತು. ಒಬ್ಬಂಟಿಯಾಗಿ ಆಡುವವನೂ ಮೊದಲ ಹಂತದಿಂದ ಅಂದಿನ ಕೊನೆಯ ಹಂತವಾದ 60ರವರೆಗೆ ಸಾಗಬಹುದಾಗಿದ್ದುದು ಅದರ ಹೊಸತನ. ಸತ್ತವನ ಕವಚ ಅವನ ಮೈಮೇಲೆಯೇ ಉಳಿಯುತ್ತಿತ್ತು; ಪ್ರೇತರೂಪದಲ್ಲಿ ಹೆಣದ ಬಳಿಗೆ ನಡೆದುಹೋದರೆ ಸಾಕು, ಜೀವ ಮರಳುತ್ತಿತ್ತು.

ಈ ಆಟವನ್ನು ಪರೀಕ್ಷಿಸುತ್ತಿದ್ದ ಕಾಲದಲ್ಲಿ ನಡೆದ ಒಂದು ಪ್ರಸಂಗವು ಮನುಷ್ಯಸ್ವಭಾವವನ್ನು ಅರಿಯುವವರಿಗೆಲ್ಲ ಪಾಠದಂತಿದೆ. ಅದರ ಮುಖ್ಯ ವಿನ್ಯಾಸಕರಲ್ಲಿ ಒಬ್ಬರಾದ ರಾಬ್ ಪಾರ್ಡೊ ಅವರು ಮುಂದೆ ಇದನ್ನು ಬಹಿರಂಗವಾಗಿಯೇ ಹೇಳಿದ್ದಾರೆ. ಹಗಲಿರುಳು ಆಡುವವರಿಗೂ ಸ್ವಲ್ಪ ಹೊತ್ತು ಆಡುವವರಿಗೂ ನಡುವಣ ಅಂತರವನ್ನು ತಗ್ಗಿಸಲು ನಿರ್ಮಾಪಕರು ಒಂದು ನಿಯಮವನ್ನು ಮಾಡಿದರು: ಒಂದೇ ಸಮನೆ ಆಡುತ್ತ ಹೋದವನ ಪಾತ್ರವು ದಣಿಯುತ್ತದೆ, ದಣಿದ ಮೇಲೆ ಅವನಿಗೆ ಸಿಗುವ ಅನುಭವಾಂಕಗಳು ಅರ್ಧಕ್ಕೆ ಇಳಿಯುತ್ತವೆ. ಆಟಗಾರರು ಕೆರಳಿದರು. ದುಡಿದವನ ಕೂಲಿಯನ್ನು ಕಸಿದುಕೊಳ್ಳುವುದು ಯಾವ ನ್ಯಾಯವೆಂದು ಕೇಳಿದರು. ಆಗ ನಿರ್ಮಾಪಕರು ಲೆಕ್ಕವನ್ನು ಹೆಚ್ಚುಕಡಮೆ ಹಾಗೆಯೇ ಇಟ್ಟು ಹೆಸರುಗಳನ್ನು ಬದಲಿಸಿದರು. ಮೊದಲು ಅರ್ಧವೆನಿಸಿದ್ದುದು ಈಗ ಪೂರ್ಣವೆನಿಸಿತು. ಮೊದಲು ಪೂರ್ಣವೆನಿಸಿದ್ದುದು ಇಮ್ಮಡಿಯೆನಿಸಿತು. ವಿಶ್ರಾಂತಿ ಪಡೆದು ಬಂದವನಿಗೆ ಇಮ್ಮಡಿ ಫಲ, ದಣಿದವನಿಗೆ ಸಾಮಾನ್ಯ ಫಲ ಎಂದು ಸಾರಿದರು. ದೂರು ನಿಂತುಹೋಯಿತು. ಅದೇ ಬೆಲ್ಲವನ್ನು ಬೇರೆ ಎಲೆಯಲ್ಲಿ ಬಡಿಸಿದಂತಾಯಿತು!

ಆ ವಿಶ್ರಾಂತಿಯ ಕ್ರಮವೂ ಸೊಗಸಾದುದೇ. ಆಟ ನಿಲ್ಲಿಸುವಾಗ ತನ್ನ ಪಾತ್ರವನ್ನು ಕಾಡಿನಲ್ಲಿ ಬಿಡದೆ ಊರಿನಲ್ಲಿಯೋ ದಾರಿಯ ಛತ್ರದಲ್ಲಿಯೋ ಮಲಗಿಸಿದರೆ, ಪ್ರತಿ ಎಂಟು ಗಂಟೆಗೆ ಒಂದು ಹಂತದ ನೂರಕ್ಕೆ ಐದರಷ್ಟು ವಿಶ್ರಾಂತಿಫಲ ಕೂಡುತ್ತದೆ. ಗರಿಷ್ಠವೆಂದರೆ ಒಂದೂವರೆ ಹಂತ. ಹತ್ತು ದಿನಗಳಲ್ಲಿ ಅದು ತುಂಬುತ್ತದೆ. ಆ ಬಳಿಕ ರಾಕ್ಷಸರನ್ನು ಕೊಂದಾಗ ದೊರೆಯುವ ಅಂಕಗಳು, ಕೂಡಿಟ್ಟ ಫಲ ತೀರುವವರೆಗೆ, ಇಮ್ಮಡಿಯಾಗಿರುತ್ತವೆ. ವಾರಕ್ಕೊಮ್ಮೆ ಬರುವ ಗುಮಾಸ್ತನಿಗೆ ತಾನು ಹಿಂದೆ ಬಿದ್ದೆನೆಂಬ ಭಾವನೆ ಬರುವುದಿಲ್ಲ. ಯಾರೋ ತನಗಾಗಿ ತೆಗೆದಿಟ್ಟ ಊಟವನ್ನು ಉಣ್ಣುವಂತೆ ಅವನು ಸಂತೋಷದಿಂದ ಆಡುತ್ತಾನೆ.

ಇಷ್ಟು ಉದಾರವಾದ ಆಟವೂ ಶಿಖರದಲ್ಲಿ ಮಾತ್ರ ಹಳೆಯ ನಿಷ್ಠುರತೆಯನ್ನೇ ಉಳಿಸಿಕೊಂಡಿತ್ತು. 60ನೆಯ ಹಂತವನ್ನು ಮುಟ್ಟಿದವರಿಗೆ ಕಾದಿದ್ದುದು 'ರೈಡ್' ಎಂಬ ದಂಡಯಾತ್ರೆ. ನಲವತ್ತು ಮಂದಿ ಒಂದೇ ಹೊತ್ತಿಗೆ ಕೂಡಿ, ಒಬ್ಬರು ಪೆಟ್ಟು ತಿನ್ನುತ್ತ, ಕೆಲವರು ಗಾಯ ಮಾಯಿಸುತ್ತ, ಉಳಿದವರು ಹೊಡೆಯುತ್ತ ಒಬ್ಬ ಮಹಾರಾಕ್ಷಸನನ್ನು ಕೆಡಹಬೇಕು. ಇಲ್ಲಿ ಕೌಶಲವೂ ಬೇಕಾಗಿತ್ತು. ಆದರೆ ನಿಜವಾದ ಶತ್ರು ರಾಕ್ಷಸನಿಗಿಂತ ಹೆಚ್ಚಾಗಿ ಪಂಚಾಂಗವೇ ಆಗಿತ್ತು. ನಲವತ್ತು ಮನೆಗಳ ನಲವತ್ತು ಜನರಿಗೆ ಒಂದೇ ರಾತ್ರಿ ನಾಲ್ಕು ಗಂಟೆಗಳ ಬಿಡುವು ಒದಗಬೇಕಲ್ಲ! 2006ರ ಜೂನ್ ತಿಂಗಳಲ್ಲಿ ತೆರೆದ 'ನ್ಯಾಕ್ಸ್‌ರಾಮಸ್' ಎಂಬ ಕೋಟೆಯು ಇವುಗಳಲ್ಲೆಲ್ಲ ಅತ್ಯಂತ ದುರ್ಗಮವಾದುದು. ಕಲೆಗಾರರು, ಸಂಗೀತಗಾರರು, ಗಣಕತಜ್ಞರು ತಿಂಗಳುಗಟ್ಟಲೆ ದುಡಿದು ರೂಪಿಸಿದ ಆ ಕೋಟೆಯ ಒಳಗನ್ನು ಕಂಡವರು ಆಟಗಾರರಲ್ಲಿ ಅತ್ಯಲ್ಪ. 2007ರ ಜನವರಿಯಲ್ಲಿ ಆಟವು ಹೊಸ ದೇಶಕ್ಕೆ ವಿಸ್ತರಿಸಿದಾಗ ಅದು ಹಾಳೂರಿನ ಗುಡಿಯಂತೆ ಉಳಿಯಿತು. ತಿಂಗಳಿಗೆ ಸುಮಾರು 15 ಡಾಲರುಗಳನ್ನು ಎಲ್ಲರಂತೆ ತೆತ್ತವರು, ತಮ್ಮ ಹಣದಿಂದಲೂ ಕಟ್ಟಿದ ಆ ಕೋಟೆಯ ಬಾಗಿಲನ್ನು ತಾವೇಕೆ ಕಾಣಬಾರದೆಂದು ಕೇಳಿದರೆ ಅದರಲ್ಲಿ ತಪ್ಪೇನಿದೆ? ಇತ್ತ, ಬೆವರಿಳಿಸಿ ಅದನ್ನು ಗೆದ್ದವರು, ಎಲ್ಲರಿಗೂ ದಕ್ಕುವುದಾದರೆ ನಮ್ಮ ಗೆಲುವಿಗೆ ಬೆಲೆಯೇನು ಎಂದರೆ ಅದೂ ತಳ್ಳಿಹಾಕುವ ಮಾತಲ್ಲ. 2008ರ ನವೆಂಬರಿನಲ್ಲಿ ನಿರ್ಮಾಪಕರು ಅದೇ ಕೋಟೆಯನ್ನು ಹತ್ತು ಮಂದಿಗೂ ಇಪ್ಪತ್ತೈದು ಮಂದಿಗೂ ನಿಲುಕುವಂತೆ ತಗ್ಗಿಸಿ ಮತ್ತೆ ತೆರೆದರು. ಜನ ನುಗ್ಗಿದರು. ಹಳೆಯ ವೀರರು ಮುಖ ಸಿಂಡರಿಸಿದರು.

ಇಬ್ಬರಿಗೂ ಸಲ್ಲುವಂಥ ಉಪಾಯ ಮರುವರ್ಷ ದೊರೆಯಿತು. 2009ರ ಏಪ್ರಿಲಿನಲ್ಲಿ ತೆರೆದ 'ಉಲ್ಡುವಾರ್' ಎಂಬ ನೆಲೆಯಲ್ಲಿ ಕಷ್ಟವನ್ನು ಆಟಗಾರರ ಇಚ್ಛೆಗೇ ಬಿಡಲಾಗಿತ್ತು. ಅಲ್ಲಿ ಮಿಮಿರಾನ್ ಎಂಬ ಯಂತ್ರಶಿಲ್ಪಿಯ ಕೋಣೆಯಿದೆ. ಅವನ ಹಿಂದೆ ಗೋಡೆಯ ಬಳಿ ಒಂದು ದೊಡ್ಡ ಕೆಂಪು ಗುಂಡಿ. ಅದನ್ನು ಒತ್ತಬಾರದೆಂಬ ಎಚ್ಚರಿಕೆ ಬೇರೆ! ಒತ್ತದೆ ಕಾದಿದರೆ ಕಾಳಗ ಸಾಧಾರಣವಾದುದು. ಒತ್ತಿದರೆ ಕಟ್ಟಡವೇ ಸಿಡಿಯುವ ಗಡಿಯಾರ ಓಡತೊಡಗುತ್ತದೆ, ನೆಲದ ಮೇಲೆ ಬೆಂಕಿ ಹರಡುತ್ತದೆ, ರಾಕ್ಷಸನ ಬಲ ಹೆಚ್ಚುತ್ತದೆ; ಗೆದ್ದವರಿಗೆ ಹೆಚ್ಚಿನ ಬಹುಮಾನ. ಕೊನೆಯ ರಾಕ್ಷಸನಾದ ಯಾಗ್-ಸಾರಾನ್‌ನೊಡನೆ ಕಾದುವಾಗ ನಾಲ್ವರು ದೇವಪಾಲಕರು ನೆರವಿಗೆ ನಿಲ್ಲುತ್ತಾರೆ. ಅವರಲ್ಲಿ ಎಷ್ಟು ಮಂದಿಯನ್ನು ಕರೆಯಬೇಕೆಂಬುದು ಆಟಗಾರರಿಗೇ ಬಿಟ್ಟುದು. ಯಾರನ್ನೂ ಕರೆಯದೆ ಗೆದ್ದವರು ಬೆರಳೆಣಿಕೆಯವರು. ಒಂದೇ ಕೋಣೆ, ಒಂದೇ ಕಥೆ. ಗುಮಾಸ್ತನು ಗುಂಡಿಯನ್ನು ಮುಟ್ಟದೆ ಗೆದ್ದು ಮನೆಗೆ ಹೋಗುತ್ತಾನೆ, ಛಲಗಾರನು ಮುಟ್ಟಿ ನೂರು ಬಾರಿ ಸಾಯುತ್ತಾನೆ. ಕಷ್ಟವು ಶಿಕ್ಷೆಯಾಗದೆ ಆಮಂತ್ರಣವಾದ ಇಂಥ ಏರ್ಪಾಡು ಈ ಆಟದ ಇತಿಹಾಸದಲ್ಲಿಯೇ ಅತ್ಯಂತ ಜಾಣತನದ್ದೆಂದು ಹೇಳಬೇಕು. ಅದೇ ವರ್ಷದ ಕೊನೆಯಲ್ಲಿ ತೆರೆದ ಹಿಮದುರ್ಗದಲ್ಲಿ ಇನ್ನೊಂದು ಯುಕ್ತಿ ಹೂಡಿದರು. 2010ರ ವಸಂತದಿಂದ ಕೆಲವು ವಾರಗಳಿಗೊಮ್ಮೆ ಎಲ್ಲ ಆಟಗಾರರ ಬಲವೂ ನೂರಕ್ಕೆ ಐದರಂತೆ ಏರುತ್ತ ಕೊನೆಗೆ ಮೂವತ್ತಕ್ಕೆ ಮುಟ್ಟಿತು. ಮೊದಲು ಹತ್ತಿದವರಿಗೆ ಕಡಿದಾದ ಬೆಟ್ಟ; ತಡವಾಗಿ ಬಂದವರಿಗೆ ಅದೇ ಬೆಟ್ಟ ಸ್ವಲ್ಪ ಬಾಗಿ ನಿಂತಿತು. ಬೇಡವೆಂದವರು ಆ ನೆರವನ್ನು ನಿರಾಕರಿಸಲೂಬಹುದಾಗಿತ್ತು.

ಆದರೂ ತಕ್ಕಡಿ ಒಂದೇ ಕಡೆ ನಿಲ್ಲಲಿಲ್ಲ. 2010ರ ಅಕ್ಟೋಬರಿನಲ್ಲಿ ಈ ಆಟದ ಚಂದಾದಾರರು 1 ಕೋಟಿ 20 ಲಕ್ಷಕ್ಕೆ ಏರಿದ್ದರು. ಆಟ ಬಹಳ ಸುಲಭವಾಯಿತೆಂಬ ದೂರಿಗೆ ಕಿವಿಗೊಟ್ಟು ಆ ಡಿಸೆಂಬರಿನ ವಿಸ್ತರಣೆಯಲ್ಲಿ ಐದು ಜನರ ಸಣ್ಣ ಗುಹೆಗಳನ್ನೂ ಕಠಿಣಗೊಳಿಸಲಾಯಿತು. ತಕ್ಷಣವೇ ತಿರುಗುಮುರುಗಾದ ದೂರುಗಳು ಬಂದುವು. ವಿನ್ಯಾಸಕರಾದ ಗ್ರೆಗ್ ಸ್ಟ್ರೀಟ್ ಅವರು 2011ರ ಜನವರಿಯಲ್ಲಿ ಒಂದು ದೀರ್ಘ ಲೇಖನವನ್ನೇ ಬರೆದು ಆ ಕಾಠಿಣ್ಯವನ್ನು ಸಮರ್ಥಿಸಿಕೊಳ್ಳಬೇಕಾಯಿತು. ಆ ಸೆಪ್ಟೆಂಬರಿನ ಹೊತ್ತಿಗೆ ಚಂದಾದಾರರು 1 ಕೋಟಿ 3 ಲಕ್ಷಕ್ಕೆ ಇಳಿದರು. ಆಟ ಹಳೆಯದಾಗಿತ್ತು, ಬೇರೆ ಆಟಗಳೂ ಬಂದಿದ್ದುವು. ಇಳಿತಕ್ಕೆಲ್ಲ ಕಾಠಿಣ್ಯವೊಂದೇ ಕಾರಣವೆನ್ನುವುದು ಅವಸರದ ಮಾತಾದೀತು. ನಿರ್ಮಾಪಕರು ಮಾತ್ರ ಆ ನವೆಂಬರಿನಲ್ಲಿ ಅಪರಿಚಿತರನ್ನು ತಾನಾಗಿಯೇ ಕೂಡಿಸಿ ಸುಲಭವಾದ ದಂಡಯಾತ್ರೆಗೆ ಕಳಿಸುವ ಯಂತ್ರವ್ಯವಸ್ಥೆಯನ್ನು ತಂದರು. ಐದು ಜನರ ಗುಹೆಗಳಿಗೆ ಅಂಥ ವ್ಯವಸ್ಥೆ 2009ರ ಡಿಸೆಂಬರಿನಿಂದಲೇ ಇತ್ತು. 2016ರಲ್ಲಿ ಗುಹೆಗಳಿಗೆ ಏಣಿಯಂಥ ಒಂದು ಕ್ರಮವೂ ಸೇರಿತು. ಗೊತ್ತಾದ ಕಾಲದೊಳಗೆ ಗೆದ್ದರೆ ಕೈಯಲ್ಲಿರುವ ಮಾಯಾ ಕೀಲಿಯ ಅಂಕ ಏರಿ ಮುಂದಿನ ಗುಹೆ ಇನ್ನಷ್ಟು ಕಠಿಣವಾಗುತ್ತದೆ; ಸೋತರೆ ಇಳಿಯುತ್ತದೆ. ತನ್ನ ಮಟ್ಟವನ್ನು ಆಟಗಾರನು ತಾನೇ ಕಂಡುಕೊಳ್ಳುತ್ತಾನೆ.

ಈ ಸೌಕರ್ಯಗಳಿಂದ ಗುಮಾಸ್ತನ ಮುಕ್ಕಾಲು ಗಂಟೆ ಉಳಿಯಿತು. ಊರ ಚೌಕದಲ್ಲಿ ನಿಂತು 'ವೈದ್ಯರೊಬ್ಬರು ಬೇಕಾಗಿದ್ದಾರೆ' ಎಂದು ಕೂಗುವ ಕೆಲಸ ತಪ್ಪಿತು. ಆದರೆ ಯಂತ್ರವು ಬೇರೆ ಬೇರೆ ಊರುಗಳಿಂದ ಆಯ್ದು ತಂದ ಐವರು ಮತ್ತೆಂದೂ ಭೇಟಿಯಾಗುವವರಲ್ಲ. ನಾಳೆ ಮುಖ ನೋಡಬೇಕಿಲ್ಲದವನಿಗೆ ಇಂದು ವಿನಯವೂ ಬೇಕಿಲ್ಲ. ಒಂದು ಮಾತೂ ಆಡದೆ ಗುಹೆಯನ್ನು ಮುಗಿಸಿ ಚದುರುವುದು ವಾಡಿಕೆಯಾಯಿತು; ತಪ್ಪು ಮಾಡಿದ ಹೊಸಬನನ್ನು ಮತ ಹಾಕಿ ಹೊರದೂಡುವುದೂ ನಡೆಯಿತು. ಕಾಲದ ಕಷ್ಟವನ್ನು ಕಿತ್ತೆಸೆಯುವಾಗ ಅದರ ಬೇರಿಗೆ ಅಂಟಿದ್ದ ನೆರೆಹೊರೆಯೂ ಕಿತ್ತುಬಂದಿತ್ತು. ಬಹಳ ಜನ ಅದಕ್ಕಾಗಿ ಹಂಬಲಿಸಿದುದರಿಂದಲೇ 2019ರ ಆಗಸ್ಟಿನಲ್ಲಿ ಕಂಪನಿಯು ತನ್ನ ಮೊದಲ ದಿನಗಳ ಆಟವನ್ನು, ಅದರ ದೂರದ ನಡಿಗೆ, ನಿಧಾನಗಳ ಸಹಿತ, ಮತ್ತೆ ಬೇರೆಯಾಗಿ ತೆರೆಯಿತು. ಇನ್ನೊಂದು ಕಡೆ, ದಿನವೂ ಬಂದು ಮಾಡಿಹೋಗಬೇಕಾದ ಸಣ್ಣ ಸಣ್ಣ ಕೆಲಸಗಳನ್ನು ಸೌಕರ್ಯವೆಂಬ ಹೆಸರಿನಲ್ಲಿ ಹೇರುವ ಪದ್ಧತಿಯೂ ಇಂಥ ಆಟಗಳಲ್ಲಿ ಬೆಳೆಯಿತು. ಕಚೇರಿಯ ಹಾಜರಿ ಪುಸ್ತಕವನ್ನು ಆಟವೆಂದು ಕರೆದಂತೆ ಅದು! ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಆಟದ ಮೇಲಿನ ಹಿಡಿತ ತಪ್ಪುವ ಸ್ಥಿತಿಯನ್ನೂ ಸೇರಿಸಿರುವಾಗ, ಬಿಡುವಿಲ್ಲದಂತೆ ಆಟಗಾರನನ್ನು ಕಟ್ಟಿಹಾಕುವ ವಿನ್ಯಾಸವು ಹಗುರವಾದ ವಿಷಯವಲ್ಲ.

ನೆರೆಹೊರೆಯ ಬೆಲೆಯೇನೆಂಬುದನ್ನು ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ತರುಣನ ಬದುಕು ತೋರಿಸುತ್ತದೆ. ಸ್ನಾಯುಗಳು ಕ್ರಮೇಣ ಕ್ಷಯಿಸುವ ರೋಗದಿಂದ ಗಾಲಿಕುರ್ಚಿಯಲ್ಲೇ ಬದುಕಿದ ಅವನು 2014ರ ನವೆಂಬರಿನಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ, ತೀರಿಕೊಂಡನು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತ ಕುಳಿತ ಮಗ ಗೆಳೆಯರಿಲ್ಲದೆಯೇ ಹೋದನೆಂದು ತಂದೆತಾಯಿಗಳು ಕೊರಗಿದ್ದರು. ಅವನು ಬರೆಯುತ್ತಿದ್ದ ಅಂತರ್ಜಾಲ ಪುಟದಲ್ಲಿ ಸಾವಿನ ಸುದ್ದಿಯನ್ನು ಪ್ರಕಟಿಸಿದಾಗ ಅಪರಿಚಿತರಿಂದ ಒಂದರ ಮೇಲೊಂದು ಪತ್ರಗಳು ಬಂದುವು. ಆಟದಲ್ಲಿ ಐಬಲಿನ್ ಎಂಬ ಹೆಸರಿನ ಅವನು 'ಸ್ಟಾರ್‌ಲೈಟ್' ಎಂಬ ಸಂಘದ ಸದಸ್ಯನಾಗಿದ್ದನು. ಆ ಸಂಘದ ಗೆಳೆಯರ ದುಃಖಗಳಿಗೆ ಕಿವಿಯಾಗಿದ್ದನು. ಅವರಲ್ಲಿ ಕೆಲವರು ಹೊರದೇಶಗಳಿಂದ ಅವನ ಅಂತ್ಯಕ್ರಿಯೆಗೆ ಬಂದರು. ಬೆಂಜಮಿನ್ ರೇ ಅವರು ಅವನ ಕಥೆಯನ್ನು ಸಾಕ್ಷ್ಯಚಿತ್ರವಾಗಿ ಮಾಡಿದರು. ಅದು 2024ರಲ್ಲಿ ತೆರೆಕಂಡಿತು. ಬಾರ್ಟ್‌ಲ್ ಅವರ ಲೆಕ್ಕದಲ್ಲಿ ಅವನು ಆಟೀನು ಎಲೆಯವನು. ಅವನಂಥವರಿಗೆ ಸುಲಭ–ಕಠಿಣಗಳ ವಾದಕ್ಕಿಂತ, ಅವಸರವಿಲ್ಲದೆ ಕುಳಿತು ಮಾತನಾಡಬಹುದಾದ ಒಂದು ಕಟ್ಟೆಯಿರುವುದೇ ಮುಖ್ಯವಾಗಿತ್ತು.

ಕಳೆದುಹೋದ ಈ ಸಂಬಂಧವನ್ನು ಸೌಕರ್ಯದ ಒಳಗೇ ಮತ್ತೆ ಹೆಣೆಯಲು ಯತ್ನಿಸಿದ ಆಟಗಳಲ್ಲಿ ಜಪಾನಿನ 'ಫೈನಲ್ ಫ್ಯಾಂಟಸಿ 14' ಗಮನಾರ್ಹವಾದುದು. 2010ರಲ್ಲಿ ಬಿದ್ದುಹೋದ ಈ ಆಟವನ್ನು ನವೋಕಿ ಯೋಶಿದಾ ಅವರ ಮುಂದಾಳುತನದಲ್ಲಿ 2013ರಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಲಾಯಿತು. ಇಲ್ಲಿಯೂ ಅಪರಿಚಿತರನ್ನು ಕೂಡಿಸುವುದು ಯಂತ್ರವೇ. ಆದರೆ ಎಲ್ಲ ಗುಹೆಗಳನ್ನೂ ದಾಟಿದ ಹಳಬನಿಗೆ, ಮೊದಲ ದಿನಗಳ ಸಣ್ಣ ಗುಹೆಗೆ ಹೊಸಬರೊಡನೆ ಹೋಗಿಬಂದರೆ ದಿನಕ್ಕೊಮ್ಮೆ ಬಹುಮಾನವುಂಟು. ಒಳಹೊಕ್ಕೊಡನೆ ಅವನ ಬಲವು ಆ ಗುಹೆಗೆ ತಕ್ಕಷ್ಟಕ್ಕೆ ಕುಗ್ಗುತ್ತದೆ. ಒಂದೇ ಏಟಿಗೆ ಎಲ್ಲವನ್ನೂ ಮುಗಿಸಿ ಹೊಸಬನ ಸುಖವನ್ನು ಅವನು ಕೆಡಿಸಲಾರನು. ಕೂಡಿದ ನಾಲ್ವರಲ್ಲಿ ಯಾರಾದರೂ ಆ ಗುಹೆಗೆ ಮೊದಲ ಬಾರಿ ಬಂದವರಾದರೆ ಆ ಸಂಗತಿ ತೆರೆಯ ಮೇಲೆ ಮೂಡುತ್ತದೆ, ಮತ್ತು ಗೆದ್ದಾಗ ಉಳಿದವರಿಗೆ ಅದಕ್ಕಾಗಿಯೇ ಹೆಚ್ಚಿನ ಫಲ ಸಲ್ಲುತ್ತದೆ. ಹೀಗೆ ಹಿಂದೆಲ್ಲ ಹೊರೆಯೆನಿಸುತ್ತಿದ್ದ ಹೊಸಬನು ಇಲ್ಲಿ ಶುಭಶಕುನವಾಗಿದ್ದಾನೆ. ಗುಹೆಯ ಆರಂಭದಲ್ಲಿ ಕಥೆಯ ದೃಶ್ಯವೊಂದು ಇರುವುದುಂಟು. ನೂರು ಬಾರಿ ಅದನ್ನು ಕಂಡ ಮೂವರು, ನಾಲ್ಕನೆಯವನು ಅದನ್ನು ನೋಡಿ ಮುಗಿಸುವವರೆಗೆ ಬಾಗಿಲಲ್ಲಿ ಕಾದು ನಿಂತಿರುತ್ತಾರೆ.